ಸೆಕೆ ಎಲ್ಲಿಗೆ ಹೋಗುತ್ತದೆ?

2004ನೇ ಇಸವಿ, ಆಗಸ್ಟ್ 23, ಸೋಮವಾರ. ಆ ದಿನ ಬಹರೈನ್‌ನಲ್ಲಿದ್ದ ಯಾರನ್ನು ಕೇಳಿದರೂ ತಾವು ಎಲ್ಲಿದ್ದೆವು, ಏನು ಮಾಡುತ್ತಿದ್ದೆವು ಎಂದು ಇವತ್ತಿಗೂ ಹೇಳುತ್ತಾರೆ. ಬೆಳಿಗ್ಗೆ ಇಡೀ ದೇಶದ ಕರೆಂಟ್ ಹೋಯಿತು. ಒಂದು ಬೀದಿಯದಲ್ಲ, ಒಂದು ಬಡಾವಣೆಯದಲ್ಲ, ಇಡೀ ದೇಶದ್ದು.

ನಾವು ಇಲ್ಲಿಗೆ ಬಂದು ಆಗ ಎರಡು ವರ್ಷವಾಗಿತ್ತು. ಮಗನಿಗೆ ನಾಲ್ಕು ತಿಂಗಳು. ಅಷ್ಟು ಎಳೆ ಮಗುವನ್ನು ಕಟ್ಟಿಕೊಂಡು ವಿಮಾನ ಹತ್ತುವುದು ಬೇಡವೆಂದು ಆ ರಜೆಗೆ ಊರಿಗೆ ಹೋಗಿರಲಿಲ್ಲ. ಮೊದಲು ನಮ್ಮ ಗಮನಕ್ಕೆ ಬಂದದ್ದು ಸೆಕೆಯಲ್ಲ, ನಿಶ್ಶಬ್ದ. ಮನಾಮದ ಆ ಹಳೆಯ ಬಿಲ್ಡಿಂಗ್‌ನಲ್ಲಿ ನಲವತ್ತು ಐವತ್ತು ಕಿಟಕಿ ಎಸಿಗಳು ಹಗಲೂ ರಾತ್ರಿ ಗುಂಯ್ ಎನ್ನುತ್ತಿದ್ದವು. ಆ ಸದ್ದು ಎಷ್ಟು ಅಭ್ಯಾಸವಾಗಿತ್ತೆಂದರೆ, ಅದು ನಿಂತ ಮೇಲೆಯೇ ಅಂಥದೊಂದು ಸದ್ದು ಇತ್ತೆಂದು ತಿಳಿದದ್ದು. ಒಂದು ಗಂಟೆಯೊಳಗೆ ಗೋಡೆಗಳು ಬಿಸಿಯಾದವು. ಎರಡು ಗಂಟೆಗೆ ಮಗು ಅಳುವುದನ್ನೂ ಬಿಟ್ಟು ಸುಮ್ಮನೆ ಬಾಯಿ ತೆರೆದು ಮಲಗಿತು. ಅಳುವುದಕ್ಕಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಒದ್ದೆ ಬಟ್ಟೆ ಹೊದಿಸಿದರೆ ಹತ್ತು ನಿಮಿಷಕ್ಕೆ ಒಣಗುತ್ತಿತ್ತು. ಪಂಪ್ ನಿಂತಿದ್ದರಿಂದ ನಲ್ಲಿಯಲ್ಲಿ ನೀರೂ ಬರಲಿಲ್ಲ.

ಕೊನೆಗೆ ಕೆಳಗಿನ ಮನೆಯ ಕೇರಳದ ಕುಟುಂಬದವರು ಬಾಗಿಲು ತಟ್ಟಿ, "ಮಗುವನ್ನು ತೆಗೆದುಕೊಂಡು ನಮ್ಮ ಕಾರಿಗೆ ಬನ್ನಿ" ಎಂದರು. ಕೆಳಗಿಳಿದು ನೋಡಿದರೆ ಬೀದಿಯುದ್ದಕ್ಕೂ ಅದೇ ದೃಶ್ಯ. ನಿಂತಲ್ಲೇ ನಿಂತ ಕಾರುಗಳು, ಎಲ್ಲದರ ಎಂಜಿನ್ ಚಾಲೂ, ಒಳಗೆ ಹೆಂಗಸರು ಮಕ್ಕಳು, ಎಸಿ ಹಾಕಿಕೊಂಡು ಕೂತಿದ್ದಾರೆ. ಎಲ್ಲಿಗೂ ಹೋಗದ ಕಾರುಗಳ ಹೊಗೆಯಿಂದ ಬೀದಿ ಇನ್ನಷ್ಟು ಕಾದಿತ್ತು. ನಾವೂ ಸಂಜೆಯವರೆಗೆ ಹಾಗೆಯೇ ಕೂತೆವು. ಮಗು ತಣ್ಣಗೆ ನಿದ್ದೆ ಮಾಡಿತು. ಹೊರಗೆ ನೆರಳಿನಲ್ಲಿ ಕೂತಿದ್ದ ಕೂಲಿ ಕೆಲಸದವರು ನಮ್ಮ ಕಾರಿನ ಹಿಂಭಾಗದಿಂದ ದೂರ ಸರಿದು ಕೂತರು. ಅದರ ಅರ್ಥ ಆ ದಿನ ನಮಗೆ ಹೊಳೆಯಲಿಲ್ಲ.

ಕರೆಂಟ್ ಬಂದ ಮೇಲೆ ಮಳವಳ್ಳಿ ತಾಲ್ಲೂಕಿನ ನಮ್ಮ ಊರಿಗೆ ಫೋನ್ ಮಾಡಿದಾಗ ಮಾವನವರು ನಕ್ಕೇ ಬಿಟ್ಟರು. "ಏನವ್ವ, ಎಣ್ಣೆ ಬಾವಿ ಮೇಲೆ ಕುಂತಿರೋರ್ಗೂ ಲೋಡ್ ಶೆಡ್ಡಿಂಗಾ?"

ಅವರು ಹಾಗೆ ನಗುವುದಕ್ಕೆ ಕಾರಣವಿತ್ತು. ನಮ್ಮ ಊರಿನ ಹತ್ತಿರವೇ ಶಿವನಸಮುದ್ರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ಶುರುವಾಗಿ 1902ರಲ್ಲಿ ಕಾವೇರಿಯ ನೀರಿನಿಂದ ಅಲ್ಲಿ ಕರೆಂಟ್ ತಯಾರಾಯಿತು. ಅದು ಹೋದದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಯಂತ್ರಗಳನ್ನು ಸಾಗಿಸಲು ಮಾವನವರ ಅಜ್ಜ ಎತ್ತಿನ ಗಾಡಿ ಹೊಡೆದಿದ್ದರಂತೆ. ಆದರೆ ಅವರ ಮನೆಯಲ್ಲಿ ಬಲ್ಬ್ ಉರಿದದ್ದು ಅವರ ಮೊಮ್ಮಗ ಹೈಸ್ಕೂಲ್ ಮುಗಿಸಿದ ಮೇಲೆ. "ತಂತಿ ನಮ್ಮ ತಲೆ ಮೇಲೇ ಹಾದೋಗೋದು, ಬುಡ್ಡಿ ದೀಪಕ್ಕೆ ಸೀಮೆಎಣ್ಣೆ ಮಾತ್ರ ನಾವೇ ಹುಯ್ಕೋಬೇಕಿತ್ತು" ಎಂದು ಅವರು ಈಗಲೂ ಹೇಳುತ್ತಾರೆ. ಮೊದಲು ಕಾರ್ಖಾನೆಗೆ, ಆಮೇಲೆ ಪಟ್ಟಣಕ್ಕೆ, ಕೊನೆಗೆ ಹಳ್ಳಿಗೆ. ಕರೆಂಟ್ ಹರಿಯುವ ದಾರಿಯನ್ನು ಕಂಡವರು ಅವರು.

ನಾವೋ, ಸ್ವಿಚ್ ಒತ್ತಿದರೆ ಸಾಕು ಎಂಬ ದೇಶಕ್ಕೆ ಬಂದಿದ್ದೆವು. ಆಗ ಕರೆಂಟ್ ದರ ಯೂನಿಟ್‌ಗೆ 3 ಫಿಲ್ಸ್. (ಸಾವಿರ ಫಿಲ್ಸ್‌ಗೆ ಒಂದು ದಿನಾರ್.) ಅದನ್ನೂ ನಾವು ಕಟ್ಟುತ್ತಿರಲಿಲ್ಲ, ಬಾಡಿಗೆಯಲ್ಲೇ ಸೇರಿತ್ತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ: ಎರಡು ತಿಂಗಳ ರಜೆಗೆ ಊರಿಗೆ ಹೋಗುವಾಗ ಮಂಚ, ಬಟ್ಟೆ ಬೂಷ್ಟು ಹಿಡಿಯದಿರಲಿ ಎಂದು ಒಂದು ಎಸಿ ಹಾಕಿಯೇ ಬಾಗಿಲು ಹಾಕಿಕೊಂಡು ಹೋಗುತ್ತಿದ್ದೆವು. ಹೋಗದವರು ಯಾರು? ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಚಳಿಯಾಗುತ್ತದೆಂದು ಕಂಬಳಿ ಹೊದ್ದು ಮಲಗುತ್ತಿದ್ದೆವೇ ಹೊರತು ಎದ್ದು ಎಸಿ ಕಡಿಮೆ ಮಾಡುತ್ತಿರಲಿಲ್ಲ.

ಊರೂ ಆಗ ಕಣ್ಣೆದುರೇ ಬೆಳೆಯುತ್ತಿತ್ತು. ಮನಾಮದ ಬಾಬ್ ಅಲ್ ಬಹರೈನ್ ಎಂಬ ದೊಡ್ಡ ಕಮಾನನ್ನು ಮಕ್ಕಳೆಲ್ಲರೂ ನೋಡಿದ್ದೀರಿ. 1940ರ ದಶಕದಲ್ಲಿ ಅದನ್ನು ಕಟ್ಟಿದಾಗ ಸಮುದ್ರ ಅದರ ಎದುರಿಗೇ ಇತ್ತು. ಈಗ ಅಲ್ಲಿ ನಿಂತರೆ ಸಮುದ್ರ ಕಾಣುವುದೇ ಇಲ್ಲ. ನಡುವೆ ರಸ್ತೆ, ಕಚೇರಿ, ಗೋಪುರಗಳು, ಎಲ್ಲವೂ ಸಮುದ್ರಕ್ಕೆ ಮಣ್ಣು ತುಂಬಿ ಕಟ್ಟಿದವು. ಒಂದು ಕಾಲಕ್ಕೆ 700 ಚದರ ಕಿಲೋಮೀಟರ್‌ಗೂ ಕಡಿಮೆ ಇದ್ದ ದೇಶ ಈಗ 780ರ ಆಸುಪಾಸಿನಲ್ಲಿದೆ. 1971ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 2 ಲಕ್ಷ 16 ಸಾವಿರ ಜನ. 2020ರಲ್ಲಿ 15 ಲಕ್ಷ. ಅಷ್ಟು ಜನರಿಗೆ ಮನೆ ಬೇಕು, ಪ್ರತಿ ಮನೆಗೆ ಎಸಿ ಬೇಕು, ನೀರು ಬೇಕು. 'ಬಹರೈನ್' ಎಂದರೆ ಎರಡು ಸಮುದ್ರ. ಒಂದು ಉಪ್ಪಿನದು, ಇನ್ನೊಂದು ನೆಲದೊಳಗಿಂದ ಉಕ್ಕುತ್ತಿದ್ದ ಸಿಹಿ ನೀರಿನದು ಎಂದು ಹೇಳುತ್ತಾರೆ. ಆ ಸಿಹಿ ಬುಗ್ಗೆಗಳು ಬಹುಪಾಲು ಬತ್ತಿವೆ. ಈಗ ಕುಡಿಯುವ ನೀರು ಕೂಡ ಸಮುದ್ರದ ಉಪ್ಪು ತೆಗೆದು ಮಾಡಿದ್ದು. ಅಂದರೆ ನಲ್ಲಿ ತಿರುಗಿಸಿದರೂ ಖರ್ಚಾಗುವುದು ಅನಿಲವೇ, ಕರೆಂಟೇ.

ಮಕ್ಕಳ ಅಪ್ಪನ ಕೆಲಸ ಎಸಿ ರಿಪೇರಿಯದು. ಬಂದ ಹೊಸದರಲ್ಲಿ ಟೂಲ್ ಬ್ಯಾಗ್ ಹೊತ್ತು ಮನೆಮನೆಗೆ ಹೋಗುತ್ತಿದ್ದರು, ಈಗ ಸೂಪರ್‌ವೈಸರ್. ಊರು ಬೆಳೆದಷ್ಟೂ ಅವರ ಕೆಲಸ ಬೆಳೆಯಿತು, ನಮ್ಮ ಸಂಸಾರವೂ ಬೆಳೆಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾವು ಉಣ್ಣುವ ಅನ್ನ ಬಹರೈನ್‌ನ ಸೆಕೆಯಿಂದಲೇ ಬಂದದ್ದು.

2016ರಲ್ಲಿ ದರ ಬದಲಾಯಿತು. ಹೊರದೇಶದವರಿಗೆ ಕೊಡುತ್ತಿದ್ದ ಸಬ್ಸಿಡಿಯನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತ ಬಂದರು. 3 ಫಿಲ್ಸ್ ಇದ್ದದ್ದು 6 ಆಯಿತು, 13 ಆಯಿತು, 21 ಆಯಿತು, 2019ಕ್ಕೆ 29. ಮನೆ ಮಾಲೀಕರು ಬಾಡಿಗೆಯಲ್ಲಿ ಇಂತಿಷ್ಟು ದಿನಾರ್ ಕರೆಂಟ್ ಮಾತ್ರ ಸೇರಿದೆ, ಮಿಕ್ಕದ್ದು ನಿಮ್ಮದು ಎಂದರು. ಅಲ್ಲಿಯವರೆಗೆ ನಮ್ಮ ಮನೆಗೆ ಎಷ್ಟು ಯೂನಿಟ್ ಬೇಕು ಎಂಬುದೇ ನಮಗೆ ಗೊತ್ತಿರಲಿಲ್ಲ. ಗೊತ್ತಾದಾಗ ಗಾಬರಿಯಾಯಿತು. ಆಗಸ್ಟ್‌ನಲ್ಲಿ 2,400 ಯೂನಿಟ್! ಹಳೆಯ ದರದಲ್ಲಿ ಅದು 7 ದಿನಾರ್ 200 ಫಿಲ್ಸ್. 2019ರ ದರದಲ್ಲಿ 69 ದಿನಾರ್ 600 ಫಿಲ್ಸ್. ಶಾಲೆಯ ಫೀಸು, ಬಸ್ಸಿನ ಫೀಸು, ಊರಿಗೆ ಕಳಿಸುವ ದುಡ್ಡು ಇವುಗಳ ಪಕ್ಕದಲ್ಲಿ ಆ ಸಂಖ್ಯೆಯನ್ನು ಬರೆದು ಎಷ್ಟೋ ರಾತ್ರಿ ಕೂಡಿದ್ದೇವೆ, ಕಳೆದಿದ್ದೇವೆ. ನಮ್ಮ ಬಿಲ್ಡಿಂಗ್‌ನ ಮೂರು ಸಂಸಾರಗಳು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದವು. ಕರೆಂಟ್ ಬಿಲ್ಲೊಂದೇ ಕಾರಣವಲ್ಲ ನಿಜ. ಆದರೆ ಕೊನೆಯ ಹುಲ್ಲುಕಡ್ಡಿ ಅದೇ ಆಗಿತ್ತು. ನಮ್ಮ ಮನೆಯಲ್ಲೂ ಮಾತು ಅಲ್ಲಿಗೇ ಬಂದು ನಿಂತಿತ್ತು. ಮಗ ಹತ್ತನೇ ಕ್ಲಾಸಿಗೆ ಬರುತ್ತಿದ್ದ, ಮಗಳಿಗೆ ಏಳು ವರ್ಷ. ಅವನ ಬೋರ್ಡ್ ಪರೀಕ್ಷೆ ಮುಗಿಯಲಿ, ಆಮೇಲೆ ಹೊರಡುವುದು ಎಂದುಕೊಂಡೆವು.

ಇದೆಲ್ಲದರ ನಡುವೆ, 2018ರ ಜುಲೈನಲ್ಲಿ, ಇನ್ನೊಂದು ಘಟನೆ ನಡೆಯಿತು. ಮನೆಯವರು ಏಳಂತಸ್ತಿನ ಬಿಲ್ಡಿಂಗ್ ಒಂದರ ತಾರಸಿಯ ಮೇಲೆ ಕೆಲಸದಲ್ಲಿದ್ದರು. ಜುಲೈ, ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮ ಇಲ್ಲಿ 2007ರಿಂದ ಇದೆ. 2025ರಲ್ಲಿ ಅದನ್ನು ಮೂರು ತಿಂಗಳಿಗೆ ವಿಸ್ತರಿಸಿದರು. ಆದರೆ ಅದು ಬೆಳಿಗ್ಗೆ ಹನ್ನೊಂದು ಗಂಟೆ. ಗಾಳಿಯಲ್ಲಿ ಸಮುದ್ರದ ತೇವ. ತಾರಸಿಯ ಮೇಲೆ ಸಾಲಾಗಿ ಔಟ್‌ಡೋರ್ ಯೂನಿಟ್‌ಗಳು, ಎಲ್ಲವೂ ಬಿಸಿ ಗಾಳಿಯನ್ನು ಉಗುಳುತ್ತಿವೆ. ಎರಡು ಸಾಲುಗಳ ನಡುವೆ ಬಗ್ಗಿ ಕೆಲಸ ಮಾಡುತ್ತಿದ್ದವರು ಹಾಗೆಯೇ ಕುಸಿದು ಕೂತರು. ಜೊತೆಗಿದ್ದ ಹುಡುಗ ನೀರು ಸುರಿದು, ಮೆಟ್ಟಿಲಿನ ನೆರಳಿಗೆ ಎಳೆದು ತಂದ. ಪುಣ್ಯಕ್ಕೆ ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆ ರಾತ್ರಿ ಅವರು ಹೇಳಿದ ಮಾತು ಇದು: "ಕೆಳಗೆ ಎಲ್ಲರೂ ಕಂಬಳಿ ಹೊದ್ದು ಮಲಗಿದ್ದಾರೆ. ಅವರ ಸೆಕೆಯೆಲ್ಲ ಮೇಲೆ ನನ್ನ ಮುಖಕ್ಕೆ ಬರ್ತಿತ್ತು."

ಹದಿನಾರು ವರ್ಷ ಎಸಿ ರಿಪೇರಿಯವರ ಜೊತೆ ಸಂಸಾರ ಮಾಡಿಯೂ ಎಸಿ ಏನು ಮಾಡುತ್ತದೆಂದು ನಾವು ಕೇಳಿರಲಿಲ್ಲ. ಎಸಿ ತಂಪನ್ನು ತಯಾರಿಸುವುದಿಲ್ಲವಂತೆ. ಒಳಗಿನ ಸೆಕೆಯನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೇ. ಎತ್ತಿ ಹಾಕಲು ಪಟ್ಟ ಶ್ರಮದ ಬಿಸಿಯನ್ನೂ ಅದರ ಜೊತೆಗೇ ಸೇರಿಸುತ್ತದೆ. ನಮ್ಮ ಮನೆಯ ಕಸ ಗುಡಿಸಿ ಪಕ್ಕದ ಮನೆಯ ಬಾಗಿಲಿಗೆ ತಳ್ಳಿದ ಹಾಗೆ. ಸಾವಿರಾರು ಮನೆಗಳು ಒಟ್ಟಿಗೆ ಹೀಗೆ ತಳ್ಳಿದರೆ ಬೀದಿ ಕಾಯುತ್ತದೆ, ಬೀದಿ ಕಾದರೆ ಎಸಿ ಇನ್ನೂ ಹೆಚ್ಚು ದುಡಿಯಬೇಕು. ಅದಕ್ಕೆ ಬೇಕಾದ ಕರೆಂಟನ್ನು ಇಲ್ಲಿ ನೈಸರ್ಗಿಕ ಅನಿಲ ಉರಿಸಿ ತಯಾರಿಸುತ್ತಾರೆ. ಒಂದು ಯೂನಿಟ್‌ಗೆ ಸುಮಾರು ಅರ್ಧ ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. 2,400 ಯೂನಿಟ್ ಎಂದರೆ 1,200 ಕಿಲೋ. ಒಂದು ಫ್ಲಾಟಿನಿಂದ, ಒಂದು ತಿಂಗಳಿಗೆ. 2004ರಲ್ಲಿ ಆ ಕೂಲಿಯವರು ಕಾರಿನ ಹಿಂದಿನಿಂದ ಎದ್ದು ಹೋದದ್ದು ಏಕೆಂದು ನಮಗೆ ಅರ್ಥವಾಗಲು ಹದಿನಾಲ್ಕು ವರ್ಷ ಬೇಕಾಯಿತು.

ಆಮೇಲೆ ಮಾಡಿದ್ದೆಲ್ಲ ಸಣ್ಣ ಸಣ್ಣ ಕೆಲಸಗಳು. ಬಿಸಿಲು ಬೀಳುವ ಪಶ್ಚಿಮದ ಕಿಟಕಿಗೆ ಹೊರಗಿನಿಂದಲೇ ದಪ್ಪ ಚಾಪೆ ಕಟ್ಟಿದೆವು. ಒಳಗಿನ ಪರದೆಗಿಂತ ಹೊರಗಿನ ಚಾಪೆ ಮೇಲು, ಏಕೆಂದರೆ ಬಿಸಿಲು ಗಾಜು ದಾಟಿ ಒಳಗೆ ಬಂದಮೇಲೆ ಬಂದ ಹಾಗೆಯೇ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆದೆವು. (ಊರಿನವರ ಎಸಿಯೆಲ್ಲ ರಿಪೇರಿ ಮಾಡುವವರ ಮನೆಯ ಫಿಲ್ಟರ್‌ನಲ್ಲಿ ಎಷ್ಟು ಧೂಳಿತ್ತೆಂದು ಕೇಳಬೇಡಿ.) ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದೆವು. 18ರಲ್ಲಿದ್ದದ್ದನ್ನು 24ಕ್ಕೆ ಏರಿಸಿ ಫ್ಯಾನ್ ಹಾಕಿಕೊಂಡೆವು. ಬೇಸಿಗೆಯ ಮೂರು ತಿಂಗಳು ನಾಲ್ಕೂ ಜನ ಒಂದೇ ಕೋಣೆಯಲ್ಲಿ ಮಲಗಿದೆವು. ಮಗನಿಗೆ ಅದು ಹಿಡಿಸಲಿಲ್ಲ, ಮಗಳಿಗೆ ಹಬ್ಬ. 2019ರ ಆಗಸ್ಟ್ ಬಿಲ್ಲಿನಲ್ಲಿ 1,500 ಯೂನಿಟ್ ಇತ್ತು. ನಾವು ಊರಿಗೆ ಹೊರಡಲಿಲ್ಲ. ದೇಶಕ್ಕೋ ಭೂಮಿಗೋ ಒಳ್ಳೆಯದಾಗಲೆಂದು ಇದನ್ನೆಲ್ಲ ಮಾಡಿದೆವು ಎಂದರೆ ಸುಳ್ಳಾಗುತ್ತದೆ. ಬಿಲ್ಲಿನ ಹೆದರಿಕೆಗೆ ಮಾಡಿದೆವು.

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ, 2023ರಲ್ಲಿ, ವಿಜ್ಞಾನ ಪ್ರದರ್ಶನಕ್ಕೆಂದು ಇದೇ ವಿಷಯ ಆರಿಸಿಕೊಂಡಳು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಮೀಟರ್ ಓದಿ ಬರೆಯುತ್ತಿದ್ದಳು. ಜನವರಿಯಲ್ಲಿ ತಿಂಗಳಿಗೆ ನಾನೂರು ಯೂನಿಟ್ ದಾಟದ ಮನೆ ಜುಲೈನಲ್ಲಿ ಅದರ ನಾಲ್ಕು ಪಟ್ಟು ತಿನ್ನುತ್ತಿತ್ತು. ಎರಡರ ವ್ಯತ್ಯಾಸವೇ ಎಸಿ. ಇಷ್ಟು ಸಾಕಿತ್ತು. ಆದರೆ ಅವಳಿಗೆ ವರ್ಲ್ಡ್ ಟ್ರೇಡ್ ಸೆಂಟರ್‌ನ ಗಾಳಿಯಂತ್ರಗಳ ಮೇಲೆ ಬಹಳ ಪ್ರೀತಿ. ಎರಡು ಹಾಯಿಗಳಂಥ ಗೋಪುರಗಳು, ನಡುವೆ ಮೂರು ಸೇತುವೆ, ಪ್ರತಿ ಸೇತುವೆಯ ಮೇಲೂ 29 ಮೀಟರ್ ಅಗಲಕ್ಕೆ ಸುತ್ತುವ ರೆಕ್ಕೆ. ಸಮುದ್ರದ ಗಾಳಿ ಎರಡು ಗೋಪುರಗಳ ನಡುವೆ ನುಗ್ಗಿ ವೇಗ ಪಡೆಯಲೆಂದೇ ಹಾಗೆ ಕಟ್ಟಿದ್ದಾರೆ. 2008ರಲ್ಲಿ ಅದು ಜಗತ್ತಿಗೇ ಹೊಸದು. ನಾವು ಹೋದಾಗ ರೆಕ್ಕೆಗಳು ಸುಮ್ಮನೆ ನಿಂತಿದ್ದವು. "ಫ್ಯಾನ್ ಆಫ್ ಮಾಡಿದ್ದಾರೆ" ಎಂದು ಅವಳು ಸಪ್ಪೆ ಮುಖ ಮಾಡಿದಳು.

ಅವಳ ಲೆಕ್ಕವನ್ನು ನೋಡಲು ನಮ್ಮ ಮನೆಗೆ ಬರುವ ಅಂಕಲ್ ಒಬ್ಬರಿದ್ದರು. ಭದ್ರಾವತಿ ಕಡೆಯವರು, ಇಲ್ಲಿನ ಅಲ್ಬಾ ಅಲ್ಯುಮಿನಿಯಮ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದವರು. ಕಬ್ಬಿಣದ ಊರಲ್ಲಿ ಹುಟ್ಟಿ ಅಲ್ಯುಮಿನಿಯಮ್ ಊರಿಗೆ ಬಂದೆ ಎಂದು ತಮಾಷೆ ಮಾಡುತ್ತಾರೆ. ಅವರು ನೋಟ್‌ಬುಕ್ ತಿರುವಿ, "ಮನೆ ಲೆಕ್ಕ ಚೆನ್ನಾಗಿದೆ ಪುಟ್ಟಿ, ನಮ್ಮ ಕಾರ್ಖಾನೆ ಲೆಕ್ಕ ಹಾಕಿದ್ದೀಯಾ?" ಎಂದರು.

ಅವತ್ತಿನ ರಾತ್ರಿ ಊಟ ಹತ್ತೂವರೆಗಾಯಿತು. ಅಂಕಲ್ ಹೇಳಿದ್ದನ್ನು ನಮಗೆ ತಿಳಿದ ಮಟ್ಟಿಗೆ ಬರೆಯುತ್ತೇವೆ. 1932ರ ಜೂನ್ 1ರಂದು ಜೆಬೆಲ್ ದುಖಾನ್ ಬುಡದಲ್ಲಿ ಎಣ್ಣೆ ಸಿಕ್ಕಿತಲ್ಲ (ಆ ಹೆಸರಿನ ಅರ್ಥವೇ ಹೊಗೆಯ ಬೆಟ್ಟ), ಮುಂದೆ ಎಣ್ಣೆ ಒಂದನ್ನೇ ನಂಬಿ ಕೂರಬಾರದು ಎಂದು ಇಲ್ಲಿನ ಅನಿಲವನ್ನು ಬಳಸಿ ಬೇರೆ ಉದ್ಯಮ ಶುರು ಮಾಡಿದರು. ಅದೇ ಅಲ್ಬಾ. 1971ರಲ್ಲಿ ವರ್ಷಕ್ಕೆ 1 ಲಕ್ಷ 20 ಸಾವಿರ ಟನ್ ಸಾಮರ್ಥ್ಯದಿಂದ ಶುರುವಾದದ್ದು 2018ರ ಕೊನೆಗೆ ಆರನೇ ಸಾಲು ತೆರೆದ ನಂತರ 15 ಲಕ್ಷ ಟನ್ ದಾಟಿತು. ಅದಿರು ಇಲ್ಲಿಯದಲ್ಲ. ಅಲ್ಯುಮಿನಾ ಎಂಬ ಬಿಳಿ ಪುಡಿ ಆಸ್ಟ್ರೇಲಿಯಾದಂಥ ದೂರದ ನಾಡಿನಿಂದ ಹಡಗಿನಲ್ಲಿ ಬರುತ್ತದೆ. ಪಾಟ್ ಎಂದು ಕರೆಯುವ ದೊಡ್ಡ ತೊಟ್ಟಿಗಳಲ್ಲಿ ಸುಮಾರು 960 ಡಿಗ್ರಿಯ ದ್ರವದಲ್ಲಿ ಅದನ್ನು ಕರಗಿಸಿ ಲಕ್ಷಗಟ್ಟಲೆ ಆಂಪಿಯರ್ ಕರೆಂಟ್ ಹರಿಸುತ್ತಾರೆ. ಆ ಜಾಗದಲ್ಲಿ ಕಾಂತಶಕ್ತಿ ಎಷ್ಟೆಂದರೆ ಕೈಗಡಿಯಾರ, ಬ್ಯಾಂಕ್ ಕಾರ್ಡ್ ಒಯ್ದರೆ ಕೆಡುತ್ತವಂತೆ. ಒಂದು ಟನ್ ಲೋಹಕ್ಕೆ ಸುಮಾರು 14,000 ಯೂನಿಟ್. ಪಾಟ್ ಒಳಗಿನ ಇಂಗಾಲದ ದಿಮ್ಮಿಗಳೂ ಸವೆದು ಡೈಆಕ್ಸೈಡ್ ಆಗಿ ಹೋಗುತ್ತವೆ, ಆ ಲೆಕ್ಕ ಬೇರೆ. ನಾಲ್ಕೈದು ಗಂಟೆ ಕರೆಂಟ್ ಇಲ್ಲದಿದ್ದರೆ ಪಾಟ್‌ನೊಳಗೇ ಎಲ್ಲವೂ ಹೆಪ್ಪುಗಟ್ಟುತ್ತದೆ. ಅದಕ್ಕೇ ಕಾರ್ಖಾನೆಗೆ ಸ್ವಂತದ ವಿದ್ಯುತ್ ಕೇಂದ್ರಗಳಿವೆ. ಅಲ್ಲಿ ಖರ್ಚಾಗುವ ಕರೆಂಟು ಇಡೀ ದೇಶದ ಮನೆ, ಅಂಗಡಿ, ಶಾಲೆ, ಆಸ್ಪತ್ರೆಗಳಿಗೆ ಹೋಗುವುದಕ್ಕಿಂತ ಕಡಿಮೆಯಿಲ್ಲ.

ಮಗಳು ಪೆನ್ಸಿಲ್ ಹಿಡಿದು ಗಾಳಿಯಂತ್ರಗಳ ಲೆಕ್ಕಕ್ಕೆ ಕೂತಳು. ಮೂರು ರೆಕ್ಕೆಗಳಿಂದ ವರ್ಷಕ್ಕೆ 11ರಿಂದ 13 ಲಕ್ಷ ಯೂನಿಟ್ ಬರಬಹುದೆಂದು ಕಟ್ಟಿದವರ ಅಂದಾಜು. 12 ಲಕ್ಷವೆಂದು ಹಿಡಿಯೋಣ. ಅದರಿಂದ ಸುಮಾರು 85 ಟನ್ ಅಲ್ಯುಮಿನಿಯಮ್ ಆಗುತ್ತದೆ. ಕಾರ್ಖಾನೆಯಲ್ಲಿ ದಿನಕ್ಕೆ ನಾಲ್ಕು ಸಾವಿರ ಟನ್‌ಗೂ ಮೇಲೆ, ಗಂಟೆಗೆ 170 ಟನ್ ತಯಾರಾಗುತ್ತದೆ. ಅವಳು ಎರಡು ಸಲ ಭಾಗಿಸಿ ನೋಡಿದಳು. ಮೂರು ಗಾಳಿಯಂತ್ರಗಳು ವರ್ಷವಿಡೀ ಸುತ್ತಿ ಕೊಡುವ ಕರೆಂಟು ಕಾರ್ಖಾನೆಗೆ ಅರ್ಧ ಗಂಟೆಗೆ ಸಾಕು.

ಪೆನ್ಸಿಲ್ ಕೆಳಗಿಟ್ಟು ಅವಳು ಕೇಳಿದ ಪ್ರಶ್ನೆಗೆ ಆ ರಾತ್ರಿ ನಮ್ಮಲ್ಲಿ ಉತ್ತರ ಇರಲಿಲ್ಲ. "ಹಾಗಾದ್ರೆ ನಾವು ನಾಲ್ಕೂ ಜನ ಒಂದೇ ರೂಮಿನಲ್ಲಿ ಮಲಗಿದ್ದು ಯಾಕೆ?"

ಅಂಕಲ್ ಅಡುಗೆಮನೆ ತೋರಿಸಿದರು. ಕುಕ್ಕರ್, ಇಡ್ಲಿ ತಟ್ಟೆ, ಅವಳ ಟಿಫಿನ್ ಸುತ್ತುವ ಫಾಯಿಲ್, ಕಿಟಕಿಯ ಚೌಕಟ್ಟು, ಫ್ರಿಜ್‌ನಲ್ಲಿದ್ದ ಪೆಪ್ಸಿ ಡಬ್ಬಿಗಳು. "ಇದೆಲ್ಲ ಎಲ್ಲಿಂದ ಬಂತು? ಕಾರ್ಖಾನೆ ತನ್ನ ಹೊಟ್ಟೆಗೆ ತಿನ್ನುತ್ತಾ?" ಕಾರು ಹಗುರಾಗಿ ಪೆಟ್ರೋಲ್ ಉಳಿಯುವುದು ಈ ಲೋಹದಿಂದ. ಸೋಲಾರ್ ಫಲಕದ ಚೌಕಟ್ಟು ಇದೇ. ಈಗ ಊರೂರುಗಳ ಮೇಲೆ ಹಾದು ಹೋಗುವ ಹೈಟೆನ್ಷನ್ ತಂತಿಯೂ ಇದೇ. ಅವರ ಮಾತು ಸರಿ. ಆದರೆ ಮಗಳು ಪಟ್ಟು ಬಿಡಲಿಲ್ಲ. ತಂತಿಗೆ ಬೇಕು ಸರಿ, ಐದು ನಿಮಿಷದಲ್ಲಿ ಕುಡಿದು ಎಸೆಯುವ ಡಬ್ಬಿಗೆ ಏಕೆ? ಅಂಕಲ್ ನಕ್ಕು, "ಅದನ್ನು ಕುಡಿದವರನ್ನ ಕೇಳಬೇಕು" ಎಂದರು. ಪೆಪ್ಸಿ ಕುಡಿದಿದ್ದವಳು ಅವಳೇ.

ಮತ್ತೆ ಕರಗಿಸಿ ಬಳಸಿದರೆ ಹೊಸ ಲೋಹಕ್ಕೆ ಬೇಕಾದ ಶಕ್ತಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಸಾಕು ಎಂಬುದನ್ನೂ ಅವರೇ ಹೇಳಿದ್ದು. ಅದು ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಹೋಯಿತು. ಪ್ರದರ್ಶನದಲ್ಲಿ ಅವಳಿಗೆ ಬಹುಮಾನ ಬರಲಿಲ್ಲ. ಜ್ವಾಲಾಮುಖಿ ಮಾಡಿದವರಿಗೆ ಬಂತು. ಜ್ವಾಲಾಮುಖಿಗೆ ಯಾವಾಗಲೂ ಬರುತ್ತದೆ!

ಇಲ್ಲಿ ಒಬ್ಬ ವ್ಯಕ್ತಿಯ ಪಾಲಿಗೆ ವರ್ಷಕ್ಕೆ 20 ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ, ಭಾರತದಲ್ಲಿ ಸುಮಾರು 2 ಟನ್. ಈ ಹೋಲಿಕೆ ಕೇಳಿದಾಗ ನಮ್ಮವರು ಸ್ವಲ್ಪ ಹೆಮ್ಮೆಯಿಂದ ತಲೆಯಾಡಿಸುವುದುಂಟು. ಆದರೆ ಆ 20 ಟನ್‌ನಲ್ಲಿ ಬೇರೆ ದೇಶಗಳಿಗೆ ಹಡಗಿನಲ್ಲಿ ಹೋಗುವ ಅಲ್ಯುಮಿನಿಯಮ್ಮಿನ ಹೊಗೆಯೂ ಸೇರಿದೆ. ಎಂಟು ಜನ ಒಂದೇ ಕೋಣೆಯಲ್ಲಿ ಮಲಗುವ ಲೇಬರ್ ಕ್ಯಾಂಪಿನ ಹುಡುಗನ ತಲೆಗೂ ಅಷ್ಟೇ ಪಾಲು ಹಾಕಿರುತ್ತಾರೆ. ಸರಾಸರಿ ಎನ್ನುವುದು ಬಹಳ ಮರೆಮಾಚುತ್ತದೆ. ಇನ್ನು 2 ಟನ್ ಎಂಬುದು ನಾವು ಭಾರತದವರು ಜಾಣರೆಂದಲ್ಲ, ನಮ್ಮಲ್ಲಿ ಇನ್ನೂ ಎಷ್ಟೋ ಮನೆಗೆ ಎಸಿ ಬಂದಿಲ್ಲ ಎಂದು.

ಬರುತ್ತಿದೆ. 2024ರ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಮಾವನವರ ಮನೆಯಲ್ಲಿ ಹೊಸ ಎಸಿ ಕೂತಿತ್ತು. ಹಳೆಯ ತೊಟ್ಟಿಮನೆಯನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿ ಇಪ್ಪತ್ತು ವರ್ಷವಾಯಿತು. ಹೆಂಚಿನ ಸೂರು, ನಡುವೆ ತೆರೆದ ತೊಟ್ಟಿ, ಬಿಸಿ ಗಾಳಿ ಮೇಲೆ ಹೋಗಿ ತಂಗಾಳಿ ಕೆಳಗೆ ಇಳಿಯುತ್ತಿದ್ದ ಮನೆ ಅದು. ಮುಹರಕ್‌ನ ಶೇಖ್ ಈಸಾ ಬಿನ್ ಅಲಿ ಮನೆಯಲ್ಲಿ ಗಾಳಿಗೋಪುರದ ಕೆಳಗೆ ನಿಂತಾಗ ನಮಗೆ ನೆನಪಾದದ್ದು ಆ ತೊಟ್ಟಿಯೇ. ಎರಡು ಊರಿನವರೂ ಸೆಕೆಗೆ ದಾರಿ ಕಂಡುಕೊಂಡಿದ್ದರು, ಎರಡು ಊರಿನವರೂ ಅದನ್ನು ಕೈಬಿಟ್ಟರು. ಎಂಬತ್ತು ದಾಟಿದ ಮಾವನವರಿಗೆ ಎಸಿ ಬೇಡ ಎನ್ನುವ ಬಾಯಿ ನಮಗೆಲ್ಲಿದೆ? ಆ ವರ್ಷ ಊರಲ್ಲೂ ಉಸಿರುಗಟ್ಟುವ ಧಗೆ. ಅವರ ರೂಮಿನ ಎಸಿಗೆ ಬರುವುದು ಶಿವನಸಮುದ್ರದ ನೀರಿನ ಕರೆಂಟೇ ಎಂದು ಮಗಳು ಅಂದುಕೊಂಡಿದ್ದಳು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ರಾಯಚೂರಿನಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಪಾವಗಡದಲ್ಲಿ 13,000 ಎಕರೆಯ ಮೇಲೆ 2,050 ಮೆಗಾವಾಟ್ ಸೋಲಾರ್ ಇದೆ, ಎಲ್ಲವೂ ಒಂದೇ ಜಾಲಕ್ಕೆ ಸೇರಿ ಬರುತ್ತದೆ. ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಮಾವನವರು ರಿಮೋಟ್ ಹಿಡಿದು, "ಈಗ ಗಣಿ ಪಾಲು ನನ್ಗೇ ಬತ್ತೈತೆ" ಎಂದರು. ಅವರು 18ಕ್ಕೆ ಇಟ್ಟಿದ್ದನ್ನು ಮೊಮ್ಮಗಳು ಸದ್ದಿಲ್ಲದೆ 26ಕ್ಕೆ ಮಾಡಿದಳು. ಅವರಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾದರೂ ಸುಮ್ಮನಿದ್ದರು.

2021ರಲ್ಲಿ ಬಹರೈನ್ ಸರ್ಕಾರ 2060ರ ಹೊತ್ತಿಗೆ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಸೊನ್ನೆಗೆ ತರುವುದಾಗಿ, 2035ಕ್ಕೆ ಶೇಕಡ 30ರಷ್ಟು ಇಳಿಸುವುದಾಗಿ ಘೋಷಿಸಿತು. 2060ಕ್ಕೆ ಮಗಳಿಗೆ 49 ವರ್ಷ. ಅದನ್ನೂ ಅವಳು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ.

ಈಗ ಮಗ ಬೆಂಗಳೂರಿನಲ್ಲಿ ಕೊನೆಯ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದಾನೆ. ಇಲ್ಲಿ ನಾವು ಮೂವರು. ಮೀಟರ್ ಓದುವುದು ನಿಂತಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಒಂದು ಅಕ್ಕಿ ಚೀಲವಿದೆ, ಬಿಲ್ಡಿಂಗ್‌ನ ಮಕ್ಕಳೆಲ್ಲ ಖಾಲಿ ಡಬ್ಬಿಗಳನ್ನು ತಂದು ಅದಕ್ಕೆ ಹಾಕುತ್ತಾರೆ. ತಿಂಗಳಿಗೊಮ್ಮೆ ಸೈಕಲ್ ಮೇಲೆ ಡಬ್ಬಿ ಆರಿಸುವ ಬಾಂಗ್ಲಾದೇಶದ ಅಣ್ಣ ಬರುತ್ತಾರೆ. ಹೋದ ತಿಂಗಳು ಚೀಲ ಎತ್ತಿ ನೋಡಿ, ಎರಡು ಕಿಲೋ ಇದೆ ಎಂದರು. ಮಗಳು ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದಳು. ಎರಡು ಕಿಲೋ ಹೊಸದಾಗಿ ಮಾಡಲು 28 ಯೂನಿಟ್, ಮತ್ತೆ ಕರಗಿಸಿದರೆ 26ಕ್ಕೂ ಹೆಚ್ಚು ಉಳಿಯುತ್ತದೆ. ನಮ್ಮ ಮಲಗುವ ಕೋಣೆಯ ಎಸಿ ಎರಡು ಮೂರು ರಾತ್ರಿ ಓಡುವಷ್ಟು. ಈ 26ನ್ನು ಮನೆಯ ಕಾಲಂನಲ್ಲಿ ಬರೆಯಬೇಕೋ ಕಾರ್ಖಾನೆಯ ಕಾಲಂನಲ್ಲಿ ಬರೆಯಬೇಕೋ ಎಂದು ಅವಳಿಗೂ ಅವಳ ಅಪ್ಪನಿಗೂ ವಾದ ಶುರುವಾಯಿತು. ಸೈಕಲ್ಲಿನ ಅಣ್ಣನಿಗೆ ಅದು ಬೇಕಿರಲಿಲ್ಲ. ಚೀಲ ಬಿಗಿದು ಕಟ್ಟಿಕೊಂಡು, ಮುಂದಿನ ಸಲ ಡಬ್ಬಿಗಳನ್ನು ತೊಳೆದು ಇಡಿ, ಇರುವೆ ಕಚ್ಚುತ್ತವೆ ಎಂದು ಹೇಳಿ ಬಿಸಿಲಿಗೆ ಇಳಿದರು.